ಅತ್ತಿಗೆ ನಾದಿನಿಯರ ಡ್ಯಾನ್ಯೂಬ್ ಸವಾರಿ

ಜರ್ಮನಿಯ ಪ್ರಾದೇಶಿಕ ರೈಲುಗಳಲ್ಲಿ ಕೆಲವು ಬಾಗಿಲುಗಳ ಪಕ್ಕ ಸೈಕಲ್ಲಿನ ದೊಡ್ಡ ಚಿತ್ರವಿರುತ್ತದೆ. ಒಳಗೆ ಗೋಡೆಗೆ ಮಡಚಿಕೊಳ್ಳುವ ಸೀಟುಗಳು, ಅವುಗಳ ಮುಂದೆ ಒಂದಿಷ್ಟು ಖಾಲಿ ಜಾಗ. ಬೇಸಿಗೆಯ ಬೆಳಗಿನಲ್ಲಿ ಅಲ್ಲಿಗೆ ಸೈಕಲ್ ಹತ್ತಿಸಿದವರಿಗೆ ಮೊದಲೇ ಒಳಗಿದ್ದವರು ಕೇಳುವ ಪ್ರಶ್ನೆ, "ನೀವು ಇಳಿಯುವುದೆಲ್ಲಿ?" ಹೆಸರು, ಊರು, ಹವಾಮಾನ ಎಲ್ಲ ಆಮೇಲೆ. ಸೈಕಲ್‌ಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುವುದರಿಂದ ದೂರ ಹೋಗುವವರದ್ದು ಗೋಡೆಯ ಬದಿಗೆ, ಬೇಗ ಇಳಿಯುವವರದ್ದು ಹೊರಬದಿಗೆ ಬರಬೇಕು. ಪ್ರತಿ ಸ್ಟೇಷನ್ನಿನಲ್ಲೂ ಈ ಲೆಕ್ಕ ಮತ್ತೆ ನಡೆಯುತ್ತದೆ. ಗಾಲಿಕುರ್ಚಿಯೋ ಮಗುವಿನ ತಳ್ಳುಗಾಡಿಯೋ ಬಂದರೆ ಸೈಕಲ್‌ನವರು ಸರಿದು ಜಾಗ ಬಿಡಬೇಕೆಂಬುದು ನಿಯಮ. ಗುರುತಿಲ್ಲದ ಹತ್ತು ಜನ ಸೇರಿ ಒಬ್ಬರ ಹ್ಯಾಂಡಲನ್ನು ಇನ್ನೊಬ್ಬರ ಪೆಡಲಿನಿಂದ ಬಿಡಿಸುತ್ತಾ ಅರ್ಧ ಗಂಟೆಯಲ್ಲಿ ಪರಿಚಿತರಾಗಿಬಿಡುತ್ತಾರೆ.

ಮ್ಯೂನಿಕ್‌ನಿಂದ ಪಸ್ಸಾವ್‌ಗೆ ಹೋಗುವ ಅಂಥದೊಂದು ರೈಲನ್ನು ಜುಲೈ ತಿಂಗಳಲ್ಲಿ ಅತ್ತಿಗೆ ನಾದಿನಿಯರಿಬ್ಬರು ಹತ್ತಿದರು. ಅತ್ತಿಗೆ ಮ್ಯೂನಿಕ್‌ನಲ್ಲಿ ಬಹಳ ವರ್ಷಗಳಿಂದ ಇರುವವರು. ಐವತ್ತು ದಾಟಿದೆ, ಮಂಡಿ ಸ್ವಲ್ಪ ದುರ್ಬಲ, ಹಾಗಾಗಿ ಅವರದ್ದು ಬ್ಯಾಟರಿ ಸೈಕಲ್. ನಾದಿನಿ ಸಾಗರದ ಬ್ಯಾಂಕ್ ಉದ್ಯೋಗಿ, ಅತ್ತಿಗೆಗಿಂತ ಹತ್ತು ವರ್ಷ ಚಿಕ್ಕವಳು, ಹೈಸ್ಕೂಲಿಗೆ ಸೈಕಲ್ ತುಳಿದೇ ಹೋಗಿಬಂದವಳು. ಬಾಡಿಗೆಗೆ ಬ್ಯಾಟರಿ ಸೈಕಲ್ಲೇ ತೆಗೆದುಕೋ ಎಂದು ಅತ್ತಿಗೆ ಹೇಳಿದರೂ ಅವಳು ಒಪ್ಪದೆ ಸಾದಾ ಸೈಕಲ್ಲನ್ನೇ ಆರಿಸಿಕೊಂಡಳು. ಊರಿನಲ್ಲಿ ಆಷಾಢದ ಮಳೆ ಹಿಡಿದುಕೊಂಡಿತ್ತು. ಇಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಹೋಗಿರಲಿಲ್ಲ. ಬ್ಯಾಟರಿ ಸೈಕಲ್ ಈಗ ಆ ದೇಶದಲ್ಲಿ ವಯಸ್ಸಾದವರ ವಾಹನವಾಗಿ ಉಳಿದಿಲ್ಲ. 2023ರಲ್ಲಿ ಜರ್ಮನಿಯಲ್ಲಿ ಮಾರಾಟವಾದ ಹೊಸ ಸೈಕಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಟರಿಯವೇ ಆಗಿದ್ದವು.

ಅವರು ಆರಿಸಿಕೊಂಡ ದಾರಿ ಪಸ್ಸಾವ್‌ನಿಂದ ವಿಯೆನ್ನಾದವರೆಗೆ ಡ್ಯಾನ್ಯೂಬ್ ದಂಡೆಯಲ್ಲಿ ಸಾಗುವ ಸೈಕಲ್ ಹಾದಿ. ಸುಮಾರು 320 ಕಿ.ಮೀ. ಯುರೋಪಿನಲ್ಲಿ ಅತಿ ಹೆಚ್ಚು ಜನ ತುಳಿಯುವ ದೂರದ ಹಾದಿಗಳಲ್ಲಿ ಇದೂ ಒಂದು. ಫ್ರಾನ್ಸಿನ ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೋ 6 ಎಂಬ ಮಹಾಮಾರ್ಗದ ಒಂದು ತುಂಡು. ಹೊಸಬರಿಗೆ ಇದು ಹಿಡಿಸಲು ಕಾರಣ ಸರಳ. ನದಿಯ ಜೊತೆಗೆ ಹೋಗುವುದರಿಂದ ಏರು ಇಲ್ಲವೆನ್ನುವಷ್ಟು ಕಡಿಮೆ, ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಬೆನ್ನಿಗೇ ಬೀಳುತ್ತದೆ. ಅದಕ್ಕೇ ಬಹುತೇಕ ಎಲ್ಲರೂ ಹರಿವಿನ ದಿಕ್ಕಿಗೇ ಹೋಗುತ್ತಾರೆ. ಎದುರು ದಿಕ್ಕಿನಿಂದ ಬರುವವರ ಮುಖ ನೋಡಿದರೆ ಗಾಳಿ ಎಷ್ಟಿದೆಯೆಂದು ತಿಳಿಯುತ್ತದೆ.

ಈ ಹಾದಿಯನ್ನು ಸೈಕಲ್ಲಿಗಾಗಿ ಮಾಡಿದ್ದಲ್ಲ. ಅದರ ಬಹುಭಾಗ ಹಳೆಯ ಕುದುರೆ ದಾರಿ. ಉಗಿಹಡಗು ಬರುವ ಮುಂಚೆ ಉಪ್ಪು, ಧಾನ್ಯ, ದ್ರಾಕ್ಷಾರಸ ತುಂಬಿದ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಒಯ್ಯಲು ದಂಡೆಯ ಮೇಲೆ ಕುದುರೆಗಳ ಸಾಲನ್ನು ಹೂಡಿ ಹಗ್ಗದಿಂದ ಎಳೆಸುತ್ತಿದ್ದರು. ಉಗಿಹಡಗು ಬಂತು, 1858ರಲ್ಲಿ ವಿಯೆನ್ನಾ–ಲಿಂಟ್ಸ್ ರೈಲೂ ಬಂತು, ಕುದುರೆಗಳು ಲಾಯಕ್ಕೆ ಮರಳಿದವು. ದಂಡೆಯ ದಾರಿ ಮಾತ್ರ ಉಳಿಯಿತು. ಕುದುರೆಯ ಕೆಲಸ ಕಸಿದುಕೊಂಡ ರೈಲೇ ಈಗ ಅದೇ ದಾರಿಗೆ ಸೈಕಲ್‌ನವರನ್ನು ತಂದು ಬಿಡುತ್ತಿದೆ.

ಪಸ್ಸಾವ್‌ನಲ್ಲಿ ಮೂರು ನದಿಗಳು ಕೂಡುತ್ತವೆ. ಆಲ್ಪ್ಸ್‌ನಿಂದ ಬರುವ ಇನ್ ನದಿಯದ್ದು ಹಸಿರು ಮಿಶ್ರಿತ ಬಿಳುಪು, ಉತ್ತರದ ಕಾಡಿನಿಂದ ಬರುವ ಪುಟ್ಟ ಇಲ್ಜ್ ಕಪ್ಪು, ನಡುವೆ ಡ್ಯಾನ್ಯೂಬ್. ವರ್ಷದ ಸರಾಸರಿಯಲ್ಲಿ ಇನ್ ನದಿಯ ನೀರೇ ಡ್ಯಾನ್ಯೂಬಿಗಿಂತ ಹೆಚ್ಚು. ಆದರೂ ಮುಂದಿನ ಹೆಸರೆಲ್ಲ ಡ್ಯಾನ್ಯೂಬಿನದ್ದೇ. ಇದು ಅನ್ಯಾಯವೆಂದು ನಾದಿನಿ ಅಲ್ಲೇ ತೀರ್ಪು ಕೊಟ್ಟಳು. ಪುರಭವನದ ಗೋಪುರದ ಮೇಲೆ ಹಳೆಯ ಪ್ರವಾಹಗಳ ಮಟ್ಟವನ್ನು ಇಸವಿ ಸಮೇತ ಗುರುತು ಹಾಕಿದ್ದಾರೆ. 2013ರ ಜೂನ್‌ನಲ್ಲಿ ನೀರು 12.89 ಮೀಟರ್‌ಗೆ ಏರಿತ್ತು. 1501ರ ನಂತರ ಆ ಊರು ಕಂಡ ಅತಿ ದೊಡ್ಡ ನೆರೆ ಅದು. ಅಲ್ಲಿ ನಿಂತವರೆಲ್ಲ ತಲೆಯೆತ್ತಿ ಆ ಗೆರೆ ನೋಡಿ, ಆಮೇಲೆ ಕೆಳಗೆ ಸುಮ್ಮನೆ ಹರಿಯುವ ನದಿಯನ್ನು ನೋಡುತ್ತಾರೆ.

ಸ್ವಲ್ಪ ಮುಂದೆ ಯೋಖೆನ್‌ಸ್ಟೈನ್ ಎಂಬಲ್ಲಿ ಅಣೆಕಟ್ಟು. ಜರ್ಮನಿ ಮತ್ತು ಆಸ್ಟ್ರಿಯಾ ಗಡಿಯ ಮೇಲಿದೆ. ಸಾಗರದವಳಾದ ನಾದಿನಿಗೆ ಅಣೆಕಟ್ಟು ಬರೀ ನೋಡಿ ದಾಟುವ ವಸ್ತುವಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯ ಊರುಗಳು ಮುಳುಗಿದ ಕಥೆ ಅವಳ ಸೀಮೆಯ ಮನೆಮನೆಯಲ್ಲಿದೆ.

"ಅತ್ತಿಗೆ, ಇಲ್ಲಿ ಯಾರ ಊರೂ ಮುಳುಗ್ಲಿಲ್ವಾ?" ಎಂದು ಕೇಳಿದಳು.

"ಇದು ನೀರು ಕೂಡಿಹಾಕೋ ಕಟ್ಟೆ ಅಲ್ಲ ಮಾರಾಯ್ತಿ, ಹರಿಯೋ ನೀರಲ್ಲೇ ಕರೆಂಟು ತೆಗೀತಾರೆ" ಎಂದರು ಅತ್ತಿಗೆ.

ಅತ್ತಿಗೆಯ ಉತ್ತರ ಸರಿ. ಆದರೆ ಆ ಪ್ರಶ್ನೆ ಇನ್ನೂ ದೂರ ಹೋಗುತ್ತದೆ. ಆಸ್ಟ್ರಿಯಾದ ಡ್ಯಾನ್ಯೂಬಿನಲ್ಲಿ ಇಂಥ ವಿದ್ಯುದಾಗಾರಗಳು ಹತ್ತು. ನದಿ ಕಟ್ಟೆಯ ತಡೆಯಿಲ್ಲದೆ ಹರಿಯುವುದು ಎರಡೇ ಕಡೆ: ವಾಖಾವ್ ಕಣಿವೆಯಲ್ಲಿ ಮತ್ತು ವಿಯೆನ್ನಾದಿಂದ ಪೂರ್ವಕ್ಕೆ. ಎರಡೂ ಕಡೆ ಅಣೆಕಟ್ಟಿನ ಯೋಜನೆ ಇತ್ತು. ವಾಖಾವ್‌ನ ಜನ ಒಗ್ಗಟ್ಟಾಗಿ ಬೇಡವೆಂದರು, ಯೋಜನೆ ಬಿದ್ದುಹೋಯಿತು. ಪೂರ್ವದ ಹೈನ್‌ಬುರ್ಗ್‌ನಲ್ಲಿ 1984ರ ಡಿಸೆಂಬರ್ ಚಳಿಯಲ್ಲಿ ಸಾವಿರಾರು ಮಂದಿ ನದಿಯಂಚಿನ ಕಾಡಿನೊಳಗೆ ಬೀಡುಬಿಟ್ಟು ಮರ ಕಡಿಯುವುದನ್ನು ತಡೆದರು. 1996ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಶರಾವತಿಯ ಜನರಿಗೆ ಬೇಡವೆನ್ನುವ ಅವಕಾಶ ಸಿಕ್ಕಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಸಾಗರದವರಿಗೆ ಸಾಧ್ಯವಿಲ್ಲ.

ಶ್ಲ್ಯೋಗೆನ್ ಬಳಿ ನದಿ ಗಟ್ಟಿ ಬಂಡೆಗೆ ಎದುರಾಗಿ ಬಂದ ದಿಕ್ಕಿಗೇ ತಿರುಗಿಬಿಡುತ್ತದೆ. ಎಡದಂಡೆಯಲ್ಲಿ ಬೆಟ್ಟ ನೇರ ನೀರಿಗೇ ಇಳಿದಿರುವುದರಿಂದ ಒಂದು ಕಡೆ ಹಾದಿಯೇ ಇಲ್ಲ. ಸಣ್ಣ ದೋಣಿಯೊಂದು ಸೈಕಲ್‌ಗಳನ್ನು ಹೇರಿಕೊಂಡು ಆ ತುಂಡನ್ನು ದಾಟಿಸುತ್ತದೆ. ಸಾಗರದಿಂದ ಸಿಗಂದೂರಿಗೆ ಹೋಗಲು ಹೊಳೆಬಾಗಿಲಿನ ಲಾಂಚಿಗಾಗಿ ವರ್ಷಗಟ್ಟಲೆ ಕಾದು ಗೊತ್ತಿದ್ದ ನಾದಿನಿ ಇಲ್ಲಿ ಎಲ್ಲರಿಗಿಂತ ಮೊದಲು ಸರಾಗವಾಗಿ ಹತ್ತಿ ನಿಂತಳು.

ಇಬ್ಬರು ಸೇರಿ ಸೈಕಲ್ ಪ್ರವಾಸ ಹೊರಟಾಗ ಆಗುವ ಜಗಳಗಳಲ್ಲಿ ಹೆಚ್ಚಿನವು ವೇಗದ ಜಗಳಗಳು. ಮುಂದೆ ಹೋದವರಿಗೆ ಕಾಯುವ ಬೇಸರ, ಹಿಂದೆ ಉಳಿದವರಿಗೆ ಕಾಯಿಸುತ್ತಿದ್ದೇನೆಂಬ ಸಂಕೋಚ. ಎರಡೂ ಬಾಯಿಬಿಟ್ಟು ಹೇಳುವಂಥವಲ್ಲ, ಸಂಜೆ ಊಟದ ಹೊತ್ತಿಗೆ ಬೇರೇನೋ ನೆಪದಲ್ಲಿ ಹೊರಬರುತ್ತವೆ. ಅತ್ತಿಗೆಯ ಸೈಕಲ್ಲಿಗೆ ಬ್ಯಾಟರಿಯ ಬಲ. ನಾದಿನಿಗೆ ವಯಸ್ಸಿನ ಬಲವಿದ್ದರೂ ದಿನವಿಡೀ ಬ್ಯಾಂಕಿನ ಕುರ್ಚಿಯಲ್ಲಿ ಕೂತ ಮೈ. ಮೊದಲ ದಿನವೇ ಅವರು ಒಂದು ಕರಾರು ಮಾಡಿಕೊಂಡರು: ನಿಧಾನ ತುಳಿಯುವವರು ಮುಂದೆ, ವೇಗದವರು ಹಿಂದೆ. ಸೈಕಲ್ ಪ್ರವಾಸಿಗರ ಬಳಿ ಇರುವ ಒಳ್ಳೆಯ ನಿಯಮಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು. ಎರಡನೆಯ ಸ್ಥಾನ ರೈಲಿಗೆ.

ಅದು ಗೊತ್ತಾದದ್ದು ಮೌಟ್‌ಹೌಸನ್‌ನಲ್ಲಿ.

ಲಿಂಟ್ಸ್ ದಾಟಿ ಇಪ್ಪತ್ತೈದು ಕಿ.ಮೀ. ಆಸುಪಾಸಿನಲ್ಲಿ ಸಿಗುವ ಈ ಚೆಂದದ ನದಿತೀರದ ಊರಿನ ಮೇಲಿನ ಗುಡ್ಡದಲ್ಲಿ ನಾಜಿಗಳ ಸೆರೆಶಿಬಿರ ಇತ್ತು. 1938ರ ಆಗಸ್ಟ್‌ನಲ್ಲಿ ಶುರುವಾಯಿತು. ಅಲ್ಲಿನ ಗ್ರಾನೈಟ್ ಕ್ವಾರಿಯೇ ಆ ಜಾಗ ಆರಿಸಲು ಕಾರಣ. ಮೌಟ್‌ಹೌಸನ್ ಮತ್ತು ಅದರ ಉಪಶಿಬಿರಗಳಿಗೆ ತಂದ ಸುಮಾರು 1,90,000 ಜನರಲ್ಲಿ ಕನಿಷ್ಠ 90,000 ಮಂದಿ ಸತ್ತರು. ಕಲ್ಲು ಹೊತ್ತು ಹತ್ತಬೇಕಿದ್ದ 186 ಮೆಟ್ಟಿಲುಗಳು ಇಂದಿಗೂ ಇವೆ. 1945ರ ಮೇ 5ರಂದು ಅಮೆರಿಕದ ಸೇನೆ ಬಂದ ಮೇಲೆ ಶಿಬಿರ ಬಿಡುಗಡೆಯಾಯಿತು. ಬೇಸಿಗೆ ರಜೆಯ ಹಾದಿಯಲ್ಲಿ ಇಂಥ ಜಾಗವನ್ನು ಬಿಟ್ಟು ಮುಂದೆ ಹೋಗುವವರೂ ಇದ್ದಾರೆ. ಹೋಗಬಾರದು. ಇಬ್ಬರೂ ಸೈಕಲ್ಲನ್ನು ಕೆಳಗೇ ಬಿಟ್ಟು ಬೆಟ್ಟ ಹತ್ತಿದರು, ಅರ್ಧ ದಿನ ಅಲ್ಲಿ ಕಳೆದರು, ಇಳಿಯುವಾಗ ಹೆಚ್ಚು ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ನಾದಿನಿಯ ಅಂಗೈ ಮರಗಟ್ಟಿತ್ತು, ತೊಡೆ ನೋಯುತ್ತಿತ್ತು. ಮುಂದಿನ ನಿಲ್ದಾಣ ಮೆಲ್ಕ್ ಎಂಬತ್ತು ಕಿ.ಮೀ.ಗೂ ಹೆಚ್ಚು ದೂರ.

"ನೀವು ಹೋಗಿ ಅತ್ತಿಗೆ, ನನ್ನಿಂದ ಇವತ್ತು ಆಗಲ್ಲ. ನಾನು ರೈಲಲ್ಲಿ ಬರ್ತೀನಿ."

"ಒಬ್ಳೇ ಹೋಗ್ತೀಯಾ?"

"ಸಾಗರದಿಂದ ಇಲ್ಲಿವರೆಗೆ ಒಬ್ಳೇ ಬಂದಿಲ್ವಾ?"

ಮೌಟ್‌ಹೌಸನ್‌ನಲ್ಲಿ ಸಣ್ಣ ರೈಲು ಹತ್ತಿ, ಸಾಂಕ್ಟ್ ವಾಲೆಂಟಿನ್‌ನಲ್ಲಿ ಮುಖ್ಯ ಮಾರ್ಗಕ್ಕೆ ಬದಲಿಸಿ, ಸೈಕಲ್ ಸಮೇತ ಅವಳು ಮಧ್ಯಾಹ್ನದೊಳಗೆ ಮೆಲ್ಕ್ ಸೇರಿದಳು. ಅಲ್ಲಿ 1089ರಲ್ಲಿ ಸ್ಥಾಪನೆಯಾದ ಬೆನೆಡಿಕ್ಟೈನ್ ಮಠವಿದೆ. ಈಗ ಬಂಡೆಯ ಮೇಲೆ ಕಾಣುವ ಹಳದಿ ಕಟ್ಟಡ 18ನೇ ಶತಮಾನದ ಆರಂಭದಲ್ಲಿ ಯಾಕೋಬ್ ಪ್ರಾಂಡ್‌ಟೌವರ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. ಉಂಬರ್ತೋ ಎಕೋ ತನ್ನ 'ದಿ ನೇಮ್ ಆಫ್ ದಿ ರೋಸ್' ಕಾದಂಬರಿಯ ನಿರೂಪಕನನ್ನು ಈ ಮೆಲ್ಕ್‌ನ ಸನ್ಯಾಸಿಯಾಗಿಸಿದ. ನಾದಿನಿ ಮಠದ ಗ್ರಂಥಾಲಯದಲ್ಲಿ ಸಮಾಧಾನವಾಗಿ ಓಡಾಡಿದಳು. ಅತ್ತಿಗೆ ಅಷ್ಟು ಹೊತ್ತಿಗೆ ಗ್ರೈನ್ ಊರಿನ ಕಮರಿಯಲ್ಲಿದ್ದರು. ಒಂದು ಕಾಲಕ್ಕೆ ದೋಣಿಗಾರರು ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದ ಸುಳಿಗಳ ಜಾಗ ಅದು. ಬಂಡೆಗಳನ್ನು ಸಿಡಿಸಿ ತೆಗೆದ ಮೇಲೆ ನದಿ ಅಲ್ಲಿ ಶಾಂತವಾಯಿತು. ಆ ಪುಟ್ಟ ಊರಿನಲ್ಲಿ 1791ರ ಒಂದು ನಾಟಕಶಾಲೆ ಇನ್ನೂ ಇದೆ. ಸಂಜೆ ಮೆಲ್ಕ್‌ನಲ್ಲಿ ಕೂಡಿದಾಗ ಇಬ್ಬರ ಬಳಿಯೂ ಇನ್ನೊಬ್ಬರಿಗೆ ಹೇಳಲು ಬೇರೆ ಬೇರೆ ಸುದ್ದಿ ಇತ್ತು. ಹಗಲೆಲ್ಲ ಜೊತೆಗಿದ್ದವರ ನಡುವೆ ಸಂಜೆಗೆ ಮಾತು ಒಣಗುವುದುಂಟು, ಅಂದು ಹಾಗಾಗಲಿಲ್ಲ.

ರೈಲು ಹತ್ತಿರವಿದ್ದರೆ ಸಮಬಲರಲ್ಲದ ಇಬ್ಬರು ಜೊತೆಯಾಗಿ ಪ್ರವಾಸ ಮಾಡಬಹುದು. ದಣಿದವರು ಸೋಲಬೇಕಾಗಿಲ್ಲ, ಗಟ್ಟಿಗರು ತಡೆದುಕೊಳ್ಳಬೇಕಾಗಿಲ್ಲ. ಈ ಉಪಾಯ ಹೊಸದೂ ಅಲ್ಲ. ಫ್ಯಾನಿ ಬುಲ್ಲಕ್ ವರ್ಕ್‌ಮನ್ ಮತ್ತು ವಿಲಿಯಂ ವರ್ಕ್‌ಮನ್ ಎಂಬ ಅಮೆರಿಕದ ದಂಪತಿ 19ನೇ ಶತಮಾನದ ಕೊನೆಯಲ್ಲಿ ನಮ್ಮ ದೇಶವನ್ನು ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ ಸೈಕಲ್ಲಿನಲ್ಲಿ ಸುತ್ತಿದರು. 1904ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರಿನಲ್ಲೇ ಹದಿನಾಲ್ಕು ಸಾವಿರ ಮೈಲಿ ಎಂದಿದೆ. ಅನ್ನ ನೀರಿಗೆ ತೊಂದರೆಯಾಗದಂತೆ ಅವರೂ ಆದಷ್ಟು ರೈಲುದಾರಿಗೆ ಹತ್ತಿರದಲ್ಲೇ ಸಾಗುತ್ತಿದ್ದರು.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ ಈ ದಾರಿಯ ತಿರುಳು. ಮೂವತ್ತಾರು ಕಿ.ಮೀ. ಅಷ್ಟೇ. ಬೆಟ್ಟದ ಇಳಿಜಾರಿನಲ್ಲಿ ಕಲ್ಲಿನ ಅಂಚು ಕಟ್ಟಿದ ದ್ರಾಕ್ಷಿ ತೋಟ, ಕೆಳಗೆ ಏಪ್ರಿಕಾಟ್ ತೋಪು, ನಡುವೆ ಹೆಂಚಿನ ಮನೆಗಳ ಊರು. ಯುನೆಸ್ಕೊ 2000ದಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜುಲೈ ನಡುವಿನಿಂದ ಏಪ್ರಿಕಾಟ್ ಹಣ್ಣಾಗುತ್ತದೆ, ತೋಟದವರು ರಸ್ತೆ ಬದಿಗೇ ಮೇಜು ಹಾಕಿ ಮಾರುತ್ತಾರೆ. ಇಡೀ ಹಣ್ಣನ್ನು ಹಿಟ್ಟಿನ ಕಣಕದೊಳಗಿಟ್ಟು ನೀರಿನಲ್ಲಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿದ ಉಂಡೆ ಅಲ್ಲಿನ ಪ್ರಸಿದ್ಧ ತಿನಿಸು. ಹೂರಣದ ಬದಲು ಹಣ್ಣು ತುಂಬಿದ ಕಡುಬಿನ ಹಾಗಿದೆ ಎಂದು ನಾದಿನಿ ಇನ್ನೊಂದು ತಟ್ಟೆ ತರಿಸಿದಳು. ಚೀಲದಲ್ಲಿದ್ದ ಅವಲಕ್ಕಿ, ಚಟ್ನಿಪುಡಿ ಅಂದು ಹೊರಗೆ ಬರಲಿಲ್ಲ.

ಈ ಕಣಿವೆಯ ಎಡದಂಡೆಯ ಹಳ್ಳಿ ವಿಲೆಂಡೋರ್ಫ್. ಇಲ್ಲಿ ಸೈಕಲ್ ನಿಲ್ಲಿಸಲೇಬೇಕು. 1908ರಲ್ಲಿ ನದಿದಂಡೆಗೆ ರೈಲು ಹಳಿ ಹಾಕುವ ಕೆಲಸ ನಡೆಯುತ್ತಿದ್ದಾಗಿನ ಉತ್ಖನನದಲ್ಲಿ ಹನ್ನೊಂದು ಸೆಂಟಿಮೀಟರ್ ಎತ್ತರದ ಒಂದು ಹೆಣ್ಣಿನ ಮೂರ್ತಿ ಸಿಕ್ಕಿತು. ತುಂಬಿದ ಮೊಲೆ, ತುಂಬಿದ ಹೊಟ್ಟೆ, ಹೆಣೆದಂಥ ತಲೆ, ಮುಖವಿಲ್ಲ. ಸುಮಾರು ಮೂವತ್ತು ಸಾವಿರ ವರ್ಷ ಹಳೆಯದು. ಮೂಲ ಮೂರ್ತಿ ವಿಯೆನ್ನಾದ ನಿಸರ್ಗ ವಿಜ್ಞಾನದ ವಸ್ತುಸಂಗ್ರಹಾಲಯದಲ್ಲಿದೆ. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದರ ಸುಣ್ಣಕಲ್ಲು ಬಹುಶಃ ಆಲ್ಪ್ಸ್‌ನ ಆಚೆಯ ಉತ್ತರ ಇಟಲಿಯದ್ದು. ರಸ್ತೆ, ಚಕ್ರ ಯಾವುದೂ ಇಲ್ಲದ ಕಾಲದಲ್ಲಿ ಅಷ್ಟು ದೂರದ ಕಲ್ಲು ಜನರ ಕೈಯಿಂದ ಕೈಗೆ, ಕಾಲ್ನಡಿಗೆಯಲ್ಲಿ ಇಲ್ಲಿಗೆ ಬಂದಿದೆ! ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ಅಚ್ಚರಿ ಇನ್ನೊಂದಿಲ್ಲ.

ಡ್ಯೂರ್ನ್‌ಸ್ಟೈನ್ ಕೋಟೆಯಲ್ಲಿ ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡ್ 1192ರ ಚಳಿಗಾಲದಲ್ಲಿ ಸೆರೆಯಾಗಿದ್ದ. ಈಗ ಅದು ಪಾಳು. ಕ್ರೆಮ್ಸ್ ದಾಟಿದ ಮೇಲೆ ಬೆಟ್ಟಗಳು ಸರಿದು ಬಯಲು ಬರುತ್ತದೆ, ದಾರಿ ನೀರಸವಾಗುತ್ತದೆ. ಬಹಳ ಮಂದಿ ಇಲ್ಲಿಂದ ವಿಯೆನ್ನಾಕ್ಕೆ ರೈಲು ಹತ್ತಿಬಿಡುತ್ತಾರೆ. ಆದರೆ ಬಲದಂಡೆಯಲ್ಲಿ ತುಳಿದುಕೊಂಡು ಹೋದರೆ ತ್ಸ್ವೆಂಟೆಂಡೋರ್ಫ್ ಪರಮಾಣು ಸ್ಥಾವರ ಸಿಗುತ್ತದೆ. ಪೂರ್ತಿ ಕಟ್ಟಿ ಮುಗಿಸಿದ ಸ್ಥಾವರ. 1978ರ ನವೆಂಬರ್ 5ರಂದು ನಡೆದ ಜನಮತಗಣನೆಯಲ್ಲಿ ಶೇ. 50.47ರಷ್ಟು ಜನ ಬೇಡವೆಂದರು. ಅದನ್ನು ಒಂದು ದಿನವೂ ಚಾಲೂ ಮಾಡಲಿಲ್ಲ. ಕೈಗಾ ಇರುವ ನಾಡಿನವರು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಸಹಜ.

ಆಮೇಲೆ ಟುಲ್ನ್. ಅಲ್ಲಿನ ರೈಲು ನಿಲ್ದಾಣದಲ್ಲೇ 1890ರಲ್ಲಿ ಚಿತ್ರಕಾರ ಏಗಾನ್ ಶೀಲೆ ಹುಟ್ಟಿದ. ಅವನ ತಂದೆ ಸ್ಟೇಷನ್ ಮಾಸ್ಟರ್, ಮನೆ ನಿಲ್ದಾಣದ ಮಹಡಿಯಲ್ಲಿ. ಹುಡುಗ ಮೊದಮೊದಲು ಬರೆದದ್ದೆಲ್ಲ ರೈಲಿನ ಚಿತ್ರಗಳೇ. ನಾದಿನಿಗೆ ಇದು ಬಹಳ ಹಿಡಿಸಿತು.

ವಿಯೆನ್ನಾದಿಂದ ಮ್ಯೂನಿಕ್‌ಗೆ ವಾಪಸ್ಸು ದೂರದ ರೈಲಿನಲ್ಲಿ, ನಾಲ್ಕು ಗಂಟೆಯ ಪ್ರಯಾಣ. ಇಂಥ ರೈಲುಗಳಲ್ಲಿ ಸೈಕಲ್ಲಿಗೂ ಮುಂಗಡ ಕಾಯ್ದಿರಿಸಬೇಕು. ಜಾಗ ಕೆಲವೇ, ಬೇಸಿಗೆಯಲ್ಲಿ ಬೇಗ ತುಂಬಿಹೋಗುತ್ತದೆ. ಆ ಕಡೆಯ ವ್ಯವಸ್ಥೆಯಲ್ಲಿ ಕೊರತೆಯೇ ಇಲ್ಲವೆಂದಲ್ಲ. ಮ್ಯೂನಿಕ್‌ನ ನಗರ ರೈಲಿನಲ್ಲಿ ಕೆಲಸದ ದಿನ ಬೆಳಿಗ್ಗೆ 6ರಿಂದ 9ರವರೆಗೆ ಸೈಕಲ್ ಹತ್ತಿಸುವಂತಿಲ್ಲ. ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಟಿಕೆಟ್ ಕೊಂಡರೂ ಜಾಗದ ಖಾತ್ರಿಯಿಲ್ಲ. ಆದರೆ ಸೈಕಲ್ ರೈಲಿನ ಸಾಮಾನಲ್ಲ, ಪ್ರಯಾಣಿಕನ ಜೊತೆಗೆ ಹೋಗಬೇಕಾದದ್ದು ಎಂಬುದನ್ನು ಅವರು ಒಪ್ಪಿಕೊಂಡಿದ್ದಾರೆ. ಹೊಸದಾಗಿ ಕೊಳ್ಳುವ ಅಥವಾ ದೊಡ್ಡ ಮಟ್ಟದಲ್ಲಿ ನವೀಕರಿಸುವ ರೈಲುಗಳಲ್ಲಿ ಕನಿಷ್ಠ ನಾಲ್ಕು ಸೈಕಲ್‌ಗಳಿಗಾದರೂ ಜಾಗವಿರಬೇಕೆಂದು ಯುರೋಪಿಯನ್ ಒಕ್ಕೂಟದ 2021ರ ರೈಲು ಪ್ರಯಾಣಿಕರ ಹಕ್ಕುಗಳ ಕಾನೂನು ಹೇಳುತ್ತದೆ.

ನಮ್ಮಲ್ಲಿ ಸೈಕಲ್ ಒಯ್ಯಬೇಕಾದರೆ ಪಾರ್ಸೆಲ್ ಕಚೇರಿಗೆ ಹೋಗಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಿಸಬೇಕು. ಎರಡು ನಿಮಿಷ ನಿಲ್ಲುವ ಸಣ್ಣ ಸ್ಟೇಷನ್‌ನಲ್ಲಿ ಅದನ್ನು ಇಳಿಸಿಕೊಳ್ಳುವುದು ಕಷ್ಟ. ಬೆಂಗಳೂರಿನ ಮೆಟ್ರೊ 2021ರಿಂದ ಮಡಚುವ ಸೈಕಲ್ಲನ್ನು ಒಳಗೆ ಬಿಟ್ಟಿದೆ, ಅಷ್ಟಾದರೂ ಆಯಿತು. ಆದರೆ ಸಾದಾ ಸೈಕಲ್ಲಿನ ಪ್ರವಾಸಿಗೆ ಅದರಿಂದ ಪ್ರಯೋಜನವಿಲ್ಲ.

ಬೆಂಗಳೂರು, ಮೈಸೂರುಗಳಿಂದ ಹೊರಟ ರೈಲು ಶಿವಮೊಗ್ಗ, ಸಾಗರ ದಾಟಿ ತಾಳಗುಪ್ಪದಲ್ಲಿ ಕೊನೆಯಾಗುತ್ತದೆ. ಸಾಗರದಿಂದ ಕೆಳದಿ, ಇಕ್ಕೇರಿ ಎರಡೂ ಹತ್ತು ಕಿ.ಮೀ. ಒಳಗೆ. ತಾಳಗುಪ್ಪದಿಂದ ಜೋಗ ಒಂದು ಗಂಟೆಯ ಸೈಕಲ್ ದಾರಿ. ಮಳೆ ಬಿಟ್ಟ ಮೇಲೆ ನವೆಂಬರ್‌ನಿಂದ ಜನವರಿಯವರೆಗೆ ಆ ರಸ್ತೆಗಳಲ್ಲಿ ತುಳಿಯುವ ಸುಖವನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಹಳಿ ಇದೆ, ರೈಲು ಇದೆ, ರಸ್ತೆ ಇದೆ, ನೋಡಲು ದೇವಸ್ಥಾನ, ಜಲಪಾತ ಎಲ್ಲ ಇವೆ. ತಾಳಗುಪ್ಪದ ರೈಲಿನ ಒಂದು ಬೋಗಿಯಲ್ಲಿ ನಾಲ್ಕೇ ಸೀಟು ತೆಗೆದು, ನಾಲ್ಕು ಸೈಕಲ್ ನಿಲ್ಲಿಸುವ ಜಾಗ ಮಾಡಿ, ಬಾಗಿಲ ಮೇಲೆ ಒಂದು ಚಿತ್ರ ಬರೆಸಲಿ. ರೈಲ್ವೆ ಇಲಾಖೆ ಇಷ್ಟನ್ನು ಒಂದು ಚಳಿಗಾಲದ ಮಟ್ಟಿಗಾದರೂ ಮಾಡಿ ನೋಡಬೇಕು. ಶಿವಮೊಗ್ಗ, ಸಾಗರದ ಸೈಕಲ್ ಪ್ರಿಯರು ಇದಕ್ಕಾಗಿ ತಮ್ಮ ಸಂಸದರಿಗೂ ಮೈಸೂರು ವಿಭಾಗದ ಅಧಿಕಾರಿಗಳಿಗೂ ಈಗಲೇ ಮನವಿ ಬರೆಯಬೇಕು.